ಕಾಶ್ಯಪ ಗೋತ್ರದ ಗಡ್ಡೆ

ನಾನು ಲೆಕ್ಕದ ಟೀಚರು. ಪಾಂಡವಪುರದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಮಕ್ಕಳನ್ನು ಬೈದು, ಮುದ್ದು ಮಾಡಿ, ಹೇಗಾದರೂ ಹೆಚ್ಚು ಅಂಕ ತೆಗೆಸುವುದೇ ನನ್ನ ಕಸುಬು. ಅಂಥವಳು ಹೋದ ವರ್ಷ ಮೂರು ವಾರ, ‘ದೇವರೇ, ನನಗೆ ಕಡಿಮೆ ಅಂಕ ಬರಲಿ’ ಎಂದು ಕೈಮುಗಿದುಕೊಂಡು ಓಡಾಡಿದೆ. ನಗುವುದಾದರೆ ನಗಿ, ನಾನೂ ಈಗ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ.

ಎಡ ಎದೆಯಲ್ಲಿ ಗಡ್ಡೆ ಸಿಕ್ಕಿದ್ದು ಸ್ನಾನ ಮಾಡುವಾಗ. ಹುಣಸೆಬೀಜಕ್ಕಿಂತ ಒಂದು ಸುತ್ತು ದೊಡ್ಡದು. ಮೈಸೂರಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡಿ ಕ್ಯಾನ್ಸರ್ ಅಂದರು, ಹತ್ತು ದಿನದೊಳಗೆ ಆಪರೇಷನ್ ಮಾಡಿ ತೆಗೆದೂ ಬಿಟ್ಟರು. ಆ ಖರ್ಚು ವಿಮೆಯವರು ಕೊಟ್ಟರು. ಅಲ್ಲಿಗೆ ಪೀಡೆ ತೊಲಗಿತು, ದಸರಾ ರಜೆ ಮುಗಿದ ಮೇಲೆ ಸ್ಕೂಲಿಗೆ ಹೋಗುವುದು ಅಂತ ನಾನು ಲೆಕ್ಕ ಹಾಕಿಕೊಂಡಿದ್ದೆ. ಹೊಲಿಗೆ ಬಿಚ್ಚಿಸಿಕೊಳ್ಳಲು ಹೋದ ದಿನ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದು ಕೂತರು. ಡಾಕ್ಟರು ಹಾಗೆ ಪಕ್ಕಕ್ಕೆ ಬಂದು ಕೂತರೆ ಮಾತು ಸಣ್ಣದಿರುವುದಿಲ್ಲ.

‘ಗಡ್ಡೆ ಚಿಕ್ಕದು. ಕಂಕುಳಿಗೆ ಹರಡಿಲ್ಲ. ಹಾರ್ಮೋನಿಗೆ ಬಗ್ಗೋ ಜಾತಿದು, ಅದಕ್ಕೆ ಐದು ವರ್ಷ ಮಾತ್ರೆ ಇದ್ದೇ ಇದೆ. ಕೀಮೋ ಬೇಕಾ ಬೇಡ್ವಾ ಅನ್ನೋದೇ ಈಗ ಪ್ರಶ್ನೆ’ ಅಂದರು. ಮುಂಚೆ ಇಂಥ ಬಹಳ ಜನಕ್ಕೆ ಯಾವುದಕ್ಕೂ ಇರಲಿ ಅಂತ ಕೊಟ್ಟುಬಿಡುತ್ತಿದ್ದರಂತೆ. ಈಗ ತೆಗೆದ ಗಡ್ಡೆಯ ತುಂಡನ್ನೇ ಲ್ಯಾಬಿಗೆ ಕಳಿಸಿದರೆ, ಅದರೊಳಗಿನ ಜೀನುಗಳು ಹೇಗೆ ಕೆಲಸ ಮಾಡುತ್ತಿವೆ ಅಂತ ನೋಡಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರಂತೆ. ಕಡಿಮೆ ಬಂದರೆ ಮಾತ್ರೆ ಸಾಕು, ಕೀಮೋ ತಗೊಂಡರೂ ನನಗೆ ಉಪಯೋಗವಿಲ್ಲ. ಹೆಚ್ಚು ಬಂದರೆ ಕೀಮೋ ಬಿಡುವ ಹಾಗೇ ಇಲ್ಲ. ಪರೀಕ್ಷೆಗೆ ಎರಡೂಮುಕ್ಕಾಲು ಲಕ್ಷ. ಅಷ್ಟು ಹೊತ್ತೂ ತಲೆಯಾಡಿಸುತ್ತಿದ್ದ ನನ್ನ ಗಂಡನ ತಲೆ ಅಲ್ಲಿಗೆ ನಿಂತಿತು.

ವಿಮೆಯವರಿಗೆ ಫೋನ್ ಮಾಡಿದೆ. ‘ಕೀಮೋಗೆ ಪೂರ್ತಿ ಕೊಡ್ತೀವಿ ಮೇಡಂ, ಈ ಟೆಸ್ಟಿಗೆ ಬರಲ್ಲ’ ಅಂದ ಆ ಕಡೆಯ ಪುಣ್ಯಾತ್ಮ. ‘ಅಲ್ಲಪ್ಪಾ, ಕೀಮೋ ಬೇಡ ಅಂತ ಗೊತ್ತಾದ್ರೆ ನಿಮಗೇ ದುಡ್ಡು ಉಳಿಯುತ್ತಲ್ಲ?’ ಅಂದರೆ, ‘ಅದು ಚಿಕಿತ್ಸೆ ಅಲ್ಲ ಮೇಡಂ, ಪರೀಕ್ಷೆ’ ಅಂತ ಅದನ್ನೇ ಹೇಳಿದ. ಊಟ ಎಷ್ಟು ಬೇಕಾದರೂ ಬಡಿಸುತ್ತೇವೆ, ಹಸಿವಿದೆಯಾ ಅಂತ ಮಾತ್ರ ಕೇಳುವುದಿಲ್ಲ ಅಂದ ಹಾಗಾಯಿತು. ಅವನಿಗೆ ಒಂದಷ್ಟು ಬೈದು ಫೋನ್ ಇಟ್ಟೆ. ಅವನದೇನೂ ತಪ್ಪಿರಲಿಲ್ಲ, ಬೈದದ್ದರಿಂದ ನನಗೆ ಸಮಾಧಾನವಾಯಿತು.

ನನಗೆ ಕೀಮೋ ಅಂದರೆ ಭಯ. ಸುತ್ತು ಬಳಸಿ ಯಾಕೆ ಹೇಳಲಿ, ಸಾವಿಗಿಂತ ಹೆಚ್ಚು ಭಯ ಅದಕ್ಕೇ ಇತ್ತು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಕೆ.ಆರ್. ಪೇಟೆ ಕಡೆಯ ಒಬ್ಬ ಹೆಂಗಸು ಇದ್ದಳು. ಬಾಯೆಲ್ಲ ಹುಣ್ಣಾಗಿ ಗಂಜಿಯನ್ನೂ ನುಂಗಲಾರದೆ ಕಣ್ಣಲ್ಲಿ ನೀರು ಹಾಕುತ್ತಿದ್ದಳು. ‘ನಂಗ್ ಬೇಕಿತ್ತು, ತಗಂಡೆ, ತಡ್ಕಂಡೆ ಕಣಕ್ಕ. ನಿಂಗ್ ಬ್ಯಾಡ್ದೆ ಇದ್ರೆ ಸುಮ್‌ಸುಮ್ನೆ ಯಾಕೆ? ಕೇಳ್ಕಂಡು ತಗೋ’ ಅಂತ ಅಷ್ಟು ನೋವಿನಲ್ಲೂ ನನಗೆ ಬುದ್ಧಿ ಹೇಳಿದ್ದಳು. ಆದರೂ ಮನೆಗೆ ಬಂದವಳು, ‘ಒಂದು ಅಂಕಕ್ಕೆ ಎರಡೂಮುಕ್ಕಾಲು ಲಕ್ಷ ಯಾರು ಸುರೀತಾರೆ, ಪುಕ್ಕಟೆ ಸಿಗೋ ಕೀಮೋನೇ ತಗೊಂಡುಬಿಡ್ತೀನಿ’ ಅಂತ ಘೋಷಣೆ ಮಾಡಿದೆ. ಗಂಡ ಬೇಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರದು ಎತ್ತಿದ ಕೈ. ಕೆ.ಆರ್.ಎಸ್.ನ ನೀರಾವರಿ ಕಚೇರಿಯಲ್ಲಿ ಗುಮಾಸ್ತರು, ಅಲ್ಲಿಯ ಅಭ್ಯಾಸ ಇರಬೇಕು.

ಬಾಯಿ ಬಿಟ್ಟವರು ನಮ್ಮ ಮಾವ. ಅವರ ಬಗ್ಗೆ ಹೇಳಲೇಬೇಕು. ನಮ್ಮ ಮನೆ ಇರುವುದು ಶ್ರೀರಂಗಪಟ್ಟಣದಲ್ಲಿ. ಮಾವನಿಗೆ ಎಂಬತ್ತೊಂದು ವರ್ಷ, ಅತ್ತೆ ಹೋಗಿ ಬಹಳ ದಿನವಾಯಿತು. ಪಶ್ಚಿಮವಾಹಿನಿಯಲ್ಲಿ ಐವತ್ತೈದು ವರ್ಷದಿಂದ ಅವರದು ಒಂದೇ ಕೆಲಸ: ಸತ್ತವರ ಅಸ್ಥಿಯನ್ನು ಕಾವೇರಿಗೆ ಬಿಡಿಸಿ, ಎಳ್ಳುನೀರು ಕೊಡಿಸಿ ಕಳಿಸುವುದು. ಇಂಥ ಪುರೋಹಿತರನ್ನು ಮದುವೆ ಮುಂಜಿಗೆ ಯಾರೂ ಕರೆಯುವುದಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ. ‘ಮದುವೇಲಿ ಪುರೋಹಿತನ ಮಾತು ಯಾರೂ ಕೇಳಲ್ಲ, ವಾಲಗದ ಗಲಾಟೆ. ನನ್ನ ಹತ್ರ ಎಲ್ಲರೂ ಗಮನ ಇಟ್ಟು ಕೇಳ್ತಾರೆ’ ಅನ್ನುತ್ತಾರೆ.

‘ಜೀನು ಅಂದ್ರೆ ಏನಮ್ಮ?’ ಅಂತ ಕೇಳಿದರು. ವಂಶವಾಹಿ ಅಂತಾರೆ, ಎಲ್ಲಿಂದ ಬಂತು, ಏನು ಸ್ವಭಾವ ಅನ್ನೋದೆಲ್ಲ ಅದರಲ್ಲಿ ಬರೆದಿರುತ್ತೆ ಅಂದೆ. ‘ಹಾಗಾದ್ರೆ ಗಡ್ಡೆಯ ಗೋತ್ರ ಕೇಳೋ ಪರೀಕ್ಷೆ ಅನ್ನು. ಕೇಳಬೇಕಾದ್ದೇ. ಗೋತ್ರ ಕೇಳದೆ ನಾನು ಯಾರಿಗೂ ಸಂಕಲ್ಪ ಹೇಳಿಸಲ್ಲ’ ಅಂದರು. ಒಳಗೆ ಹೋಗಿ ಬ್ಯಾಂಕಿನ ಠೇವಣಿ ಪತ್ರ ತಂದು ನನ್ನ ಮುಂದಿಟ್ಟರು. ಒಂದು ಲಕ್ಷದ ಎಂಬತ್ತು ಸಾವಿರ. ತಾವು ಹೋದ ಮೇಲೆ ಹದಿಮೂರು ದಿನದ ಕರ್ಮಕ್ಕೂ ಊಟಕ್ಕೂ ಮಗನಿಗೆ ಹೊರೆಯಾಗಬಾರದು ಅಂತ ಕೂಡಿಟ್ಟ ಹಣ. ‘ಮಾವ, ಇದು ನಿಮ್ಮ ಕಾರ್ಯಕ್ಕೆ ಇಟ್ಟಿದ್ದು!’ ಅಂದೆ. ‘ಹೌದು. ಅದಕ್ಕೇನು ಅರ್ಜೆಂಟು?’ ಅಂದರು.

ಬ್ಯಾಂಕಿನಲ್ಲಿ ಕೌಂಟರಿನ ಹೆಣ್ಣುಮಗಳು, ಅವಧಿಗೆ ಮುಂಚೆ ಯಾಕೆ ತೆಗೆಯುತ್ತೀರಿ ಸ್ವಾಮಿ, ಕಾರಣ ಬರೆಯಬೇಕು ಅಂದಳು. ‘ಯಾವ ಸಮಾರಂಭಕ್ಕೆ ಇಟ್ಟಿದ್ನೋ ಅದು ಮುಂದಕ್ಕೆ ಹೋಗಿದೆಯಮ್ಮ’ ಅಂದರು ಮಾವ. ಅವಳು ಹಾಗೇ ಬರೆದುಕೊಂಡಳು. ಬೇಗ ನಡೆಯಲಿ ಅಂತ ಶುಭವನ್ನೂ ಕೋರಿದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿಬಂದೆ. ಮಿಕ್ಕ ತೊಂಬತ್ತೈದು ಸಾವಿರ ನಾವಿಬ್ಬರೂ ಹಾಕಿ ಲ್ಯಾಬಿಗೆ ಕಟ್ಟಿದೆವು.

ಇನ್ನು ಗಡ್ಡೆಯ ತುಂಡು ಕಳಿಸಬೇಕು. ಅದನ್ನು ಆಸ್ಪತ್ರೆಯಲ್ಲಿ ಮೇಣದ ಒಂದು ಅಚ್ಚಿನೊಳಗೆ ಹುದುಗಿಸಿ ಇಟ್ಟಿರುತ್ತಾರೆ. ಸಹಿ ಹಾಕಿ ನಾವೇ ತರಬೇಕು, ಸೋಮವಾರ ಬೆಳಗ್ಗೆ ಲ್ಯಾಬಿನವರು ಮನೆಗೆ ಬಂದು ತಗೊಂಡು ಹೋಗುತ್ತಾರೆ ಅಂತ ಏರ್ಪಾಟಾಯಿತು. ಶನಿವಾರ ಸಂಜೆ ನನ್ನ ಗಂಡ ಮೈಸೂರಿನಿಂದ ಅದನ್ನು ಒಂದು ಸಣ್ಣ ಡಬ್ಬಿಯಲ್ಲಿ ತಂದರು. ಮೈಯಿಂದ ಕತ್ತರಿಸಿದ ಚೂರು, ಮಡಿ ಇರುವ ಅಪ್ಪನ ಮನೆಯೊಳಕ್ಕೆ ಹೇಗೆ ತರುವುದು ಅಂತ ಅನುಮಾನ ಬಂದು, ತಮ್ಮ ಬಿಳಿ ಕರ್ಚೀಫಿನಲ್ಲಿ ಸುತ್ತಿ ಜಗುಲಿಯ ಗೂಡಿನಲ್ಲಿಟ್ಟರು. ಇಟ್ಟದ್ದನ್ನು ಯಾರಿಗೂ ಹೇಳಲಿಲ್ಲ.

ಆ ಗೂಡು ಎಂಥದ್ದು ಅಂತ ನಿಮಗೆ ಗೊತ್ತಾಗಬೇಕು. ದೂರದ ಊರಿನವರು ಅಸ್ಥಿ ತಂದಾಗ ಹೊತ್ತಾಗಿದ್ದರೆ ಲಾಡ್ಜಿನವರು ಅದನ್ನು ಒಳಗೆ ಬಿಡುವುದಿಲ್ಲ, ಯಾರ ಮನೆಯವರೂ ಬಿಡುವುದಿಲ್ಲ. ಬಿಳಿ ಬಟ್ಟೆ ಸುತ್ತಿದ ಕುಡಿಕೆಯನ್ನು ನಮ್ಮ ಜಗುಲಿಯ ಗೂಡಿನಲ್ಲಿಟ್ಟು ಹೋಗುತ್ತಾರೆ. ಸಂಜೆ ಆ ಗೂಡಿನಲ್ಲಿ ಏನು ಕೂತಿರುತ್ತದೋ ಅದು ಬೆಳಗ್ಗೆ ಕಾವೇರಿ ಸೇರುತ್ತದೆ. ನನ್ನ ಗಂಡ ಹುಟ್ಟುವುದಕ್ಕಿಂತ ಮುಂಚಿನ ಪದ್ಧತಿ ಅದು. ಅವರೇ ಮರೆತರು ಅಂದರೆ ಏನು ಹೇಳೋಣ!

ಭಾನುವಾರ ಬೆಳಗ್ಗೆ ಮಾವ ಸ್ನಾನ ಮುಗಿಸಿ ನದಿಯಿಂದ ಬಂದರು. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಮಗನನ್ನು ಕೇಳಿದರು: ‘ಆ ಅಮೆರಿಕದ ಪಾರ್ಟಿ ಯಾರೋ? ದಕ್ಷಿಣೆ ಕೊಡೋಕೂ ಬರಲಿಲ್ಲ, ಪಾಪ.’

‘ಯಾವ ಅಮೆರಿಕದ ಪಾರ್ಟಿ?’

‘ಅದೇ ಕಣೋ, ಗೂಡಲ್ಲಿತ್ತಲ್ಲ. ಡಬ್ಬಿ ಮೇಲೆಲ್ಲ ಇಂಗ್ಲಿಷು. ಕೊರಿಯರಲ್ಲಿ ಕಳಿಸಿದಾರೆ ಅಂದ್ಕೊಂಡೆ. ಬಿಚ್ಚಿ ನೋಡಿದ್ರೆ ಬೂದೀನ ಮೇಣದಲ್ಲಿ ಹಾಕಿದಾರೆ, ಅಲ್ಲಿಯ ಕ್ರಮ ಹೇಗೋ ಏನೋ. ಹಿಂದೆ ಮುಂದೆ ಯಾರೂ ಇಲ್ಲದ ಜೀವ ಅಂತ ಸಂಕಟ ಆಯ್ತು. ಗೋತ್ರ ತಿಳೀಲಿಲ್ಲ. ತಿಳಿಯದವರಿಗೆಲ್ಲ ಕಾಶ್ಯಪ ಗೋತ್ರ ತಾನೆ, ಹಾಗೇ ಹೇಳಿ, ಎಳ್ಳುನೀರು ಬಿಟ್ಟು, ಚೆನ್ನಾಗಿ ಮಾಡಿ ಕಳಿಸಿದೆ.’

ನನ್ನ ಗಂಡನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಆಮೇಲೆ ನನ್ನ ಬಾಯಿಂದ ಏನು ಬಂತು ಅಂತ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ‘ಮಾವ, ಅದು ನನ್ನ ಗಡ್ಡೆ! ನಿಮಗೆ ಸತ್ತೋರಿಗೂ ಇರೋರಿಗೂ ವ್ಯತ್ಯಾಸವೇ ಗೊತ್ತಾಗಲ್ವಾ? ನಾನಿನ್ನೂ ಬದುಕಿದೀನಿ!’ ಬೀದಿಯ ತುದಿಯವರೆಗೂ ಕೇಳಿಸಿರಬೇಕು. ಮೊದಲೇ ನನ್ನದು ಕ್ಲಾಸ್‌ರೂಮಿನ ಗಂಟಲು. ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ, ಕೈ ತೊಳೆದುಕೊಂಡು ಒಳಗೆ ಹೋದರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ನನ್ನ ಗಂಡ ಮಾಡಿದ ಮೊದಲ ಕೆಲಸ, ಡ್ಯಾಮಿನ ಕಚೇರಿಗೆ ಫೋನ್ ಮಾಡಿ ಇವತ್ತು ನದಿಗೆ ಎಷ್ಟು ನೀರು ಬಿಟ್ಟಿದ್ದಾರೆ ಅಂತ ಕೇಳಿದ್ದು. ‘ಎಷ್ಟು ಬಿಟ್ಟಿದ್ರೇನು ರೀ, ನನ್ನ ಗಡ್ಡೆ ಈಗ ತಮಿಳುನಾಡಿನ ಪಾಲಿನ ನೀರಲ್ಲಿದೆ. ಯಾವ ಕೋರ್ಟೂ ವಾಪಸ್ ಕೊಡಿಸಲ್ಲ’ ಅಂದೆ. ಅಳುತ್ತಲೇ ಅಂದದ್ದು. ಆದರೂ ಇಬ್ಬರಿಗೂ ನಗು ಬಂದುಬಿಟ್ಟಿತು. ಹೊಳೆಗೆ ಓಡಿದೆವು. ತೆಪ್ಪದವನಿಗೆ ವಿಷಯ ಹೇಳಿದರೆ ಅವನು ಧೈರ್ಯ ಕೊಟ್ಟ: ‘ಮೇಣ ಅಂತೀರಿ. ಮೇಣ ತೇಲ್ತದೆ ಕಣವ್ವ, ಎಲ್ಲೋಯ್ತದೆ? ಕಸ ಸೆತ್ತೆ ಸಿಗಾಕೊಳ್ಳೋ ಜಾಗ ನಂಗೊತ್ತು, ಅಲ್ಲೇ ಸಿಕ್ತದೆ ಬುಡಿ.’ ಮಧ್ಯಾಹ್ನದವರೆಗೆ ಹುಡುಕಿದ. ಮೂರು ತೆಂಗಿನಕಾಯಿ, ಒಂದು ಕನ್ನಡಕ, ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕವು. ನನ್ನ ಗಡ್ಡೆ ಸಿಗಲಿಲ್ಲ.

ಸೋಮವಾರ ಮೈಸೂರಿಗೆ ಹೊರಟೆ. ಕರೆಯದೇ ಇದ್ದರೂ ಮಾವ ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದರು. ಆಸ್ಪತ್ರೆಯ ಲ್ಯಾಬಿನ ಕಿಟಕಿಯಲ್ಲಿ ನಾನು ಬಾಯಿ ತೆರೆಯುವ ಮುಂಚೆ ಅವರೇ ಮುಂದೆ ಹೋಗಿ, ‘ತಪ್ಪು ನಂದು ತಾಯಿ, ನಾನೇ ಅದನ್ನ ನದಿಗೆ ಬಿಟ್ಟೆ’ ಅಂತ ಕೈ ಜೋಡಿಸಿದರು. ಅಲ್ಲಿದ್ದ ಹೆಂಗಸು ನಾಗಮಂಗಲದ ಕಡೆಯವಳು. ಪೂರ್ತಿ ಕೇಳಿಸಿಕೊಂಡು, ‘ಬಸ್ಸಲ್ಲಿ ಬುಟ್ಬುಟ್ಟು ಬಂದೋರ್ನ ನೋಡಿವ್ನಿ, ಇಲಿ ಕಡ್ಕೊಂಡೋಗಿದ್ದೂ ಕೇಳಿವ್ನಿ. ತಿಥಿ ಮಾಡಿ ಕಳ್ಸಿದ್ದು ಇದೇ ಮೊದ್ಲು ಕಣಜ್ಜ!’ ಅಂತ ಮೇಜಿನ ಮೇಲೆ ತಲೆ ಇಟ್ಟು ನಕ್ಕಳು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಎದ್ದು ಹೋಗಿ ಹುಡುಕಿದಳು. ಗಡ್ಡೆಯಿಂದ ಮಾಡಿದ ಅಚ್ಚು ಇನ್ನೊಂದಿತ್ತು. ಅದರಲ್ಲಿ ಬೇಕಾದಷ್ಟು ಚೂರು ಇದೆಯೇ ಅಂತ ದೊಡ್ಡ ಡಾಕ್ಟರು ನೋಡಬೇಕು ಅಂದಳು.

ಎರಡು ಗಂಟೆ ಬೆಂಚಿನ ಮೇಲೆ ಕೂತೆವು. ಕೊನೆಗೆ ಡಾಕ್ಟರು ಬಂದು, ಇದರಲ್ಲಿ ಬಹಳ ಕಡಿಮೆ ಇದೆ, ಸಾಕಾದರೂ ಆಗಬಹುದು ಅಂದರು. ‘ಇದೇ ಕೊನೇದು. ಪರೀಕ್ಷೆ ಮಾಡೋ ಲ್ಯಾಬಿನವರು ಸಾಲದು ಅಂದ್ರೆ ಪರೀಕ್ಷೆ ಇಲ್ಲ. ಆಗ ಕೀಮೋ ಕೊಟ್ಟುಬಿಡೋದೇ ಕ್ಷೇಮ’ ಅಂದರು. ಈ ಸಲ ನಮ್ಮ ಕೈಗೆ ಕೊಡಲೇ ಇಲ್ಲ. ಲ್ಯಾಬಿನ ಮನುಷ್ಯ ಅಲ್ಲಿಗೇ ಬಂದು ತಗೊಂಡ. ಮಾವ ಅವನ ಹಿಂದೆಯೇ ಮೆಟ್ಟಿಲು ಇಳಿದು ಹೋಗಿ, ‘ಎಲ್ಲಿ ಇಡ್ತೀರಪ್ಪ? ನೋಡ್ಕೊಂಡು ಇಡಿ’ ಅಂತ ಅವನ ಬೈಕು ಕಣ್ಮರೆಯಾಗುವವರೆಗೂ ನಿಂತಿದ್ದರು.

ಆಮೇಲೆ ಮೂರು ವಾರ. ಸ್ಕೂಲಿಗೆ ಹೋಗತೊಡಗಿದೆ, ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತಿತ್ತು. ಹೊಣಕೆರೆಯ ಕಡೆಯ ನಮ್ಮ ಪಿ.ಟಿ. ಮೇಷ್ಟ್ರು ದಿನಾ ಸ್ಟಾಫ್‌ರೂಮಿನ ಬಾಗಿಲಲ್ಲೇ ಹಿಡಿಯುತ್ತಿದ್ದರು: ‘ಮೇಡಂ, ರಿಸಲ್ಟ್ ಬಂತಾ? ಜೀವಮಾನ್ದಲ್ಲಿ ಒಂದ್ಸಲ ಕಮ್ಮಿ ಮಾರ್ಕ್ಸು ತಗಳಿ. ಎಂಗೆ ಅಂತ ಗೊತ್ತಾಗ್ದಿದ್ರೆ ನನ್ನ ಕೇಳಿ, ಲೆಕ್ಕದಲ್ಲಿ ನಾನು ಯಾವತ್ತೂ ಹದಿನೈದು ದಾಟ್ದೋನಲ್ಲ.’ ನಗುತ್ತಿದ್ದೆ. ಬೋರ್ಡಿನ ಕಡೆ ತಿರುಗಿದರೆ ಸಾಕು, ತುಂಡು ಸಾಲದು ಅಂದುಬಿಟ್ಟರೆ ಏನು ಗತಿ ಅಂತ ಬರೆಯುತ್ತಿದ್ದ ಲೆಕ್ಕವೇ ಮರೆತುಹೋಗುತ್ತಿತ್ತು.

ಮನೆಯಲ್ಲಿ ಮಾವ ಮಾತು ನಿಲ್ಲಿಸಿದ್ದರು. ಅಸ್ಥಿ ತಂದವರನ್ನು ಬೇರೆ ಪುರೋಹಿತರ ಹತ್ತಿರ ಕಳಿಸುತ್ತಿದ್ದರು. ಇಡೀ ದಿನ ಹಳೆಯ ಪುಸ್ತಕಗಳ ಗಂಟು ಬಿಚ್ಚಿ ಭೂತಗನ್ನಡಿ ಹಿಡಿದು ಏನೋ ಹುಡುಕುತ್ತಿದ್ದರು. ನನ್ನ ಮೇಲೆ ಸಿಟ್ಟಿರಬೇಕು, ಇರಲಿ ಅಂತ ಮೊದಲ ನಾಲ್ಕು ದಿನ ನಾನೂ ಬಿಗಿದುಕೊಂಡಿದ್ದೆ. ಆಮೇಲೆ ಕರುಳು ಚುರುಕ್ ಅಂದಿತು. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಮೆಂತ್ಯದ ದೋಸೆ ಬರುತ್ತದೆ. ಅದನ್ನು ಮಾಡಿ ಹಾಕಿದೆ. ತಿಂದು, ಮತ್ತೆ ಭೂತಗನ್ನಡಿ ಹಿಡಿದರು.

ರಿಪೋರ್ಟು ಬಂದದ್ದು ಹತ್ತನೇ ಕ್ಲಾಸಿನ ಪೀರಿಯಡ್ಡಿನಲ್ಲಿ. ಫೋನಿನಲ್ಲಿ ಡಾಕ್ಟರಮ್ಮ, ‘ತುಂಡು ಸಾಕಾಯ್ತು. ಹನ್ನೊಂದು ಬಂದಿದೆ. ಕೀಮೋ ಬೇಡ, ಬರೀ ಮಾತ್ರೆ’ ಅಂದರು. ನೂರಕ್ಕೆ ಹನ್ನೊಂದು! ನನ್ನ ಕ್ಲಾಸಿನಲ್ಲಿ ಅಷ್ಟು ತಗೊಂಡವರ ಅಪ್ಪ ಅಮ್ಮನನ್ನು ಕರೆಸುತ್ತೇನೆ. ಆವತ್ತು ವರಾಂಡದಲ್ಲಿ ನಿಂತು ಗೊಳೋ ಅಂತ ಅತ್ತೆ. ಏನಾಯಿತೋ ಅಂತ ಓಡಿಬಂದ ಪಿ.ಟಿ. ಮೇಷ್ಟ್ರು ವಿಷಯ ಕೇಳಿ, ‘ಅಯ್ಯೋ, ನನ್ ರೆಕಾರ್ಡೇ ಮುರಿದ್ಬುಟ್ರಲ್ಲ ಮೇಡಂ!’ ಅಂತ ಕೂಗಿ ಸೀಟಿ ಊದಿಬಿಟ್ಟರು. ಇಡೀ ಸ್ಕೂಲು ಡ್ರಿಲ್ಲು ಅಂತ ಹೊರಗೆ ಬಂದು ನಿಂತಿತು.

ಮನೆಗೆ ಬಂದಾಗ ಮಾವ ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದರು. ಹೇಳಿದೆ. ‘ಓದು’ ಅಂದರು. ಫೋನಿನಲ್ಲಿ ಬಂದಿದ್ದ ಕಾಗದವನ್ನು ಓದಿದೆ. ‘ಇನ್ನೊಂದ್ಸಲ ಓದು.’ ಓದಿದೆ. ನಿಂದೇ ತಾನೆ, ಬೇರೆಯವರದ್ದಲ್ಲ ತಾನೆ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ತಮ್ಮ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತ ಹೇಳಿದರು: ‘ಬದುಕಿರೋಳಿಗೆ ಈ ಕೈಯಲ್ಲಿ ಎಳ್ಳುನೀರು ಬಿಟ್ಟುಬಿಟ್ಟೆ ಕಣಮ್ಮ. ನೀನು ಅಂದದ್ದು ಸರಿ. ಅಂಕ ಹೆಚ್ಚು ಬಂದಿದ್ರೆ ನನ್ನಿಂದಲೇ ಬಂತು ಅಂತ...’ ಮೂರು ವಾರ ಅವರು ಹೊತ್ತು ತಿರುಗಿದ್ದು ನನ್ನ ಮೇಲಿನ ಸಿಟ್ಟಲ್ಲ, ಇದನ್ನು. ನನ್ನ ಬಾಯಿಗೆ ಬೆಂಕಿ ಹಾಕ ಅನ್ನಿಸಿತು. ಅವರ ಕಾಲ ಹತ್ತಿರವೇ ಕೂತುಬಿಟ್ಟೆ.

ಅವರು ಹುಡುಕುತ್ತಿದ್ದದ್ದು ಪರಿಹಾರವನ್ನು. ಸತ್ತನೆಂದು ಕರ್ಮ ಮಾಡಿಸಿಕೊಂಡವನು ಬದುಕಿ ಬಂದರೆ ಅವನನ್ನು ಆಗ ತಾನೇ ಹುಟ್ಟಿದ ಮಗು ಅಂತ ತಿಳಿದು, ಜೇನುತುಪ್ಪ ನೆಕ್ಕಿಸಿ ಹೊಸದಾಗಿ ನಾಮಕರಣ ಮಾಡಬೇಕು ಅಂತ ಇದೆಯಂತೆ. ‘ಮದುವೆಯೂ ಮತ್ತೆ ಆಗಬೇಕಂತೆ’ ಅಂತ ನನ್ನ ಗಂಡ ಹಲ್ಲು ಕಿರಿದರು. ‘ನಾಮಕರಣ ಆಗಲಿ. ಮದುವೆ ವಿಚಾರ ಈ ಸಲ ಯೋಚನೆ ಮಾಡಿ ಹೇಳ್ತೀನಿ’ ಅಂದೆ.

ಮಾರನೆಯ ದಿನ ಭಾನುವಾರ. ಐವತ್ತಮೂರು ವರ್ಷದ ನಾನು ತಲೆಗೆ ನೀರು ಹಾಕಿಕೊಂಡು ಮಣೆಯ ಮೇಲೆ ಕೂತೆ. ‘ನನಗಿದೆಲ್ಲ ಬಾಯಿಗೆ ಬರಲ್ಲಮ್ಮ, ನೋಡ್ಕೊಂಡೇ ಹೇಳ್ತೀನಿ’ ಅಂತ ಮಾವ ಸಂಕೋಚದಿಂದ ಪುಸ್ತಕ ತೆರೆದರು. ನನ್ನ ಅಪ್ಪ ಇಲ್ಲವಲ್ಲ, ಅಪ್ಪನ ಜಾಗದಲ್ಲೂ ಅವರೇ ಕೂತರು. ಉಂಗುರದಿಂದ ಜೇನು ನೆಕ್ಕಿಸಿದರು. ನಾನು ಇನ್ನೊಂದು ಸ್ವಲ್ಪ ಅಂದದ್ದಕ್ಕೆ, ಮಗು ಮಾತಾಡಬಾರದು ಅಂತ ಗದರಿದರು. ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳಿನಿಂದ ನನ್ನ ಹಳೆಯ ಹೆಸರನ್ನೇ ಬರೆದರು.

ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ‘ಏನಮ್ಮ’, ‘ಬಾಮ್ಮ’, ಬೇರೆಯವರ ಮುಂದೆ ‘ನಮ್ಮ ಸೊಸೆ’. ಈಗ ಬಗ್ಗಿ ನನ್ನ ಬಲಗಿವಿಯಲ್ಲಿ ಹೆಸರು ಹೇಳಿದರು. ಇನ್ನೊಂದು ಸಲ ಹೇಳಿದರು. ಮೂರನೆಯ ಸಲಕ್ಕೆ ಅರ್ಧ ಹೆಸರಷ್ಟೇ ಬಂತು.

‘ಕೇಳಿಸ್ತು ಮಾವ,’ ಅಂದೆ. ‘ಇಲ್ಲೇ ಇದೀನಿ.’